ಸಿಗ್ನೆಯ ಬಾಯಲ್ಲಿ ಉಳಿದ ಮಾತು

ಪಾರ್ಶ್ವವಾಯು ಹೊಡೆದ ಮೇಲೆ ಸಿಗ್ನೆ ಎಂಬ ಮುದುಕಿಯ ಬಾಯಲ್ಲಿ ಉಳಿದದ್ದು ನಾಲ್ಕೇ ಮಾತು. ಬಾರ್ನ್ ಎನ್ನುತ್ತಿದ್ದಳು. ಸ್ವಲ್ಪ ತಡೆದು ಈಸ್ ಎನ್ನುತ್ತಿದ್ದಳು. ಆಮೇಲೆ ಓ ಎಂದು ಉದ್ದಕ್ಕೆ ಎಳೆದು ಸುಮ್ಮನಾಗುತ್ತಿದ್ದಳು. ನಾಲ್ಕನೆಯದು ಮಗಳು ಡೋರಿಸ್ ಬಂದು ಹಾಸಿಗೆಯ ಪಕ್ಕ ಕೂತಾಗ ಮಾತ್ರ ಬರುತ್ತಿತ್ತು. ಮಗಳ ಮುಖವನ್ನೇ ನೋಡುತ್ತಾ "ಲೀವ್" ಎನ್ನುತ್ತಿದ್ದಳು.

ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲವೆಂದೇ ಎಲ್ಲರೂ ತಿಳಿದಿದ್ದರು. ಇಂಗ್ಲಿಷಿನಲ್ಲಿ ಬಾರ್ನ್ ಅಂದರೆ ದನದ ಕೊಟ್ಟಿಗೆ. ಸ್ಟ್ಯಾನ್‌ವುಡ್ ಕಡೆ ಸಿಗ್ನೆಯ ಗಂಡನಿಗೆ ಹೈನಿನ ಫಾರ್ಮ್ ಇತ್ತು. ಡೋರಿಸ್ ಕಾಲೇಜಿನಲ್ಲಿದ್ದಾಗ ಆ ಕೊಟ್ಟಿಗೆಗೆ ಬೆಂಕಿ ಬಿದ್ದು ಹಸುಗಳೆಲ್ಲ ಒಳಗೇ ಸುಟ್ಟುಹೋಗಿದ್ದವು. ಮುದುಕಿ ಅದನ್ನೇ ಹೇಳಹೊರಟು, "ಬಾರ್ನ್ ಈಸ್...", ಕೊಟ್ಟಿಗೆ ಆಗಿದೆ, ಎನ್ನುವಷ್ಟರಲ್ಲಿ ಮಾತು ತಪ್ಪಿ, ಓ ಎಂದು ನರಳುತ್ತಾಳೆ. ಮಗಳಿಗೆ ಮಾತ್ರ ಯಾಕೋ "ಹೊರಟುಹೋಗು" ಎನ್ನುತ್ತಾಳೆ. ಇಷ್ಟೇ.

ಸಿಗ್ನೆಯನ್ನು ಇಟ್ಟಿದ್ದದ್ದು ಅಮೆರಿಕದ ಕೆನ್ಮೋರ್ ಎಂಬ ಊರಿನ ಒಂದು ಮನೆಯಲ್ಲಿ. ಮಾರ್ಟಾ ಎಂಬ ರುಮೇನಿಯಾದ ಹೆಂಗಸು ತನ್ನ ಮನೆಯಲ್ಲೇ ಐದಾರು ಮಂದಿ ವೃದ್ಧರನ್ನು ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದಳು. ಪಕ್ಕದ ಸರೋವರದ ನೀರಿನಿಂದಲೇ ಮೇಲೇಳುವ ಪುಟ್ಟ ವಿಮಾನಗಳ ಸದ್ದಿಗೆ ಆ ಮನೆಯ ಕಿಟಕಿಗಳು ಗಡಗಡ ಎನ್ನುತ್ತಿದ್ದವು. ಮೈತ್ರಿ ಅಲ್ಲಿಗೆ ವಾರಕ್ಕೆರಡು ಸಲ ಹೋಗಿ, ವೃದ್ಧರಿಗೆ ಪೇಪರು ಓದಿ ಹೇಳಿ, ಕೈಗೆ ಲೋಷನ್ ಹಚ್ಚಿ, ಜೊತೆಗಿದ್ದು ಬರುತ್ತಿದ್ದಳು.

ಮೈತ್ರಿ ಮೈಸೂರಿನವಳು. ಭಾಷಾಶಾಸ್ತ್ರದಲ್ಲಿ ಎಂ.ಎ. ಮಾಡಿ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಸಂದೀಪನನ್ನು ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅವಳ ವೀಸಾದಲ್ಲಿ ಸಂಬಳದ ಕೆಲಸ ಮಾಡುವಂತಿರಲಿಲ್ಲ. ಬಿಟ್ಟಿ ಸೇವೆಗೆ ಯಾರ ಅಡ್ಡಿಯೂ ಇಲ್ಲ. ಸಂದೀಪ ಬೆಳಗ್ಗೆ ನಾರ್ತ್ ಕ್ರೀಕ್‌ನ ಆಫೀಸಿಗೆ ಹೊರಟರೆ ಇಡೀ ದಿನ ಮನೆಯ ಗೋಡೆಗಳನ್ನು ನೋಡುತ್ತ ಕೂರಬೇಕು. ಹಾಗೆ ಕೂರಲಾರದೆ ಅವಳು ಲೈಬ್ರರಿಯಿಂದ ಉತ್ತರ ಯುರೋಪಿನ ಭಾಷೆಗಳ ನಿಘಂಟುಗಳನ್ನು ತಂದು ಓದತೊಡಗಿದಳು. ಶನಿವಾರಗಳಂದು ಬ್ಯಾಲರ್ಡ್‌ನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ನಾರ್ವೇಜಿಯನ್ ಕಲಿಸುತ್ತಿದ್ದರು, ಅಲ್ಲಿಗೂ ಸೇರಿಕೊಂಡಳು. ಮೈಸೂರಿನಲ್ಲಿ ಅವಳ ಮೇಷ್ಟ್ರು ನಾಗರಾಜ ಅವರಿಗೆ ಚಿಕ್ಕ ಪದಗಳೆಂದರೆ ಪ್ರಾಣ. ಭಾಷೆಯೊಳಗೆ ಎಲ್ಲಕ್ಕಿಂತ ಹಳಬರು ಅವೇ, ಮೈ ಸವೆದು ಸವೆದು ಅಷ್ಟಕ್ಕೆ ನಿಂತಿವೆ ಅನ್ನುತ್ತಿದ್ದರು. ಆ ಹುಚ್ಚು ಮೈತ್ರಿಗೂ ಹತ್ತಿತ್ತು. ಇಂಗ್ಲಿಷಿನ ಗಿಫ್ಟ್ ಉಡುಗೊರೆ, ಜರ್ಮನ್ನಿನಲ್ಲಿ ಅದೇ ಪದ ವಿಷ, ನಾರ್ವೇಜಿಯನ್ನಿನಲ್ಲಿ ವಿಷವೂ ಹೌದು, ಮದುವೆಯಾದವರು ಎಂದೂ ಹೌದು. ಎಲ್ಲದರ ಬೇರು 'ಕೊಡು' ಎಂಬುದೇ. ಇದನ್ನು ಹೇಳಿದಾಗ ಸಂದೀಪ ಅನ್ನ ಕಲಸುತ್ತಾ, "ನಾರ್ವೆಯವ್ರು ಬುದ್ಧಿವಂತ್ರು ಕಣೆ, ಎರಡಕ್ಕೂ ಒಂದೇ ವರ್ಡ್ ಇಟ್ಟಿದಾರೆ ನೋಡು" ಎಂದು ನಕ್ಕಿದ್ದ.

ಇಷ್ಟೆಲ್ಲ ತಿಳಿದಿದ್ದರೂ ಸಿಗ್ನೆಯ ಬಾಯಿಂದ ಬರುತ್ತಿದ್ದದ್ದು ಏನೆಂದು ಮೈತ್ರಿಗೆ ತಿಂಗಳುಗಟ್ಟಲೆ ಹೊಳೆಯಲಿಲ್ಲ. ಮುದುಕಿ ಹುಟ್ಟಿದ್ದು ನಾರ್ವೆಯಲ್ಲಿ ಎಂದು ಮಾರ್ಟಾ ಹೇಳಿದ್ದಳು. ಗಂಡ ಸತ್ತ ಮೇಲೆ ಹತ್ತು ವರ್ಷದ ಮಗನನ್ನು ಕರೆದುಕೊಂಡು ಹಡಗಿನಲ್ಲಿ ಬಂದು, ಇಲ್ಲಿನ ರೈತನನ್ನು ಮದುವೆಯಾಗಿ, ಡೋರಿಸಳನ್ನು ಹೆತ್ತವಳು. ಆದರೆ ಇಲ್ಲಿ ಕಾಲಿಟ್ಟ ಮೇಲೆ ಒಂದು ದಿನವೂ ತನ್ನ ಭಾಷೆ ಆಡಿದವಳಲ್ಲ. ಅರವತ್ತು ವರ್ಷಕ್ಕಿಂತ ಹೆಚ್ಚು ಕಾಲ ಇಂಗ್ಲಿಷನ್ನೇ ಆಡಿದವಳ ಬಾಯಿಂದ ಇಂಗ್ಲಿಷಿನಂತೆಯೇ ಕೇಳುವ ಮಾತು ಬಂದರೆ ಅದು ಇಂಗ್ಲಿಷಲ್ಲದೆ ಮತ್ತೇನು?

ಡೋರಿಸ್ ಒಳ್ಳೆಯ ಹೆಂಗಸು. ಅರವತ್ತು ದಾಟಿದವಳು, ಸ್ಕೂಲ್ ಬಸ್ ಓಡಿಸಿ ನಿವೃತ್ತಳಾದವಳು. ಅಮ್ಮ ಕೊಟ್ಟಿಗೆಯನ್ನು ನೆನೆಸಿಕೊಳ್ಳುತ್ತಿದ್ದಾಳೆಂದು ತಿಳಿದು, ಬೆಂಕಿ ಬೀಳುವುದಕ್ಕೆ ಮುಂಚಿನ ಒಂದು ಫೋಟೋ ಹುಡುಕಿ, ದೊಡ್ಡದು ಮಾಡಿಸಿ, ಹಾಸಿಗೆಯ ಎದುರು ಗೋಡೆಗೆ ತೂಗುಹಾಕಿದಳು. ಕೆಂಪು ಬಣ್ಣದ ಕೊಟ್ಟಿಗೆ, ಮುಂದೆ ಹುಲ್ಲು, ಮೇಲೆ ನೀಲಿ ಆಕಾಶ. ಬಂದಾಗಲೆಲ್ಲ ಅದರ ಮೇಲೆ ಬೆರಳಿಟ್ಟು, ಮಗುವಿಗೆ ಚಿತ್ರ ತೋರಿಸುವವಳ ಹಾಗೆ ಹಿಗ್ಗಿನಿಂದ, "ಬಾರ್ನ್, ಅಮ್ಮ! ಬಾರ್ನ್! ನೋಡಿಲ್ಲಿ, ಬಾರ್ನ್!" ಎಂದು ಕೂಗುತ್ತಿದ್ದಳು. ಸಿಗ್ನೆಯ ಕಣ್ಣಿಂದ ನೀರು ಇಳಿಯುತ್ತಿತ್ತು. ಸಂತೋಷಕ್ಕೆ ಅಳುತ್ತಾಳೆ ಎಂದು ಡೋರಿಸ್ ಟಿಶ್ಯೂ ತೆಗೆದು ಒರೆಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮುದುಕಿ ಮಗಳ ಮುಖ ನೋಡಿ "ಲೀವ್" ಎನ್ನುವಳು. ಡೋರಿಸ್ ಮೊದಮೊದಲು ನಕ್ಕು ತೇಲಿಸಿದಳು. ಆಮೇಲಾಮೇಲೆ ಆ ಮಾತು ಬಂದ ಕೂಡಲೇ ಎದ್ದು, ಕೋಟು ಹಾಕಿಕೊಂಡು, "ಸರಿ ಅಮ್ಮ, ಹೊರಟೆ" ಎಂದು ಹೋಗಿಬಿಡುತ್ತಿದ್ದಳು. ಒಮ್ಮೆ ಬಸ್ಸಿಗೆ ಹೊರಟ ಮೈತ್ರಿ ನೋಡುತ್ತಾಳೆ, ಡೋರಿಸ್ ತನ್ನ ಕಾರಿನಲ್ಲಿ ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಕೂತಿದ್ದಾಳೆ.

ಸಿಗ್ನೆಯ ಮಗ ಆರ್ನೆ ಅನಾಕೋರ್ಟಿಸ್ ಎಂಬ ಬಂದರಿನ ಊರಿನಲ್ಲಿದ್ದ. ಎಪ್ಪತ್ತು ದಾಟಿದ ಮುದುಕ, ಮೀನುಗಾರಿಕೆಯ ದೋಣಿಗಳಲ್ಲಿ ಜೀವನ ಸವೆಸಿದವನು. ನವೆಂಬರಿನಲ್ಲಿ ಒಂದೇ ಸಲ ಬಂದಿದ್ದ. ಬಾಗಿಲಲ್ಲಿ ನಿಂತು ತಾಯಿಯ ಮಾತು ಕೇಳಿದವನೇ, ಟೋಪಿಯನ್ನೂ ತೆಗೆಯದೆ ತಿರುಗಿ ಹೋದ. ಮತ್ತೆ ಬರಲಿಲ್ಲ. "ಎಂಥ ಕಲ್ಲು ಮನಸ್ಸಪ್ಪ" ಎಂದಿದ್ದಳು ಮಾರ್ಟಾ.

ಜನವರಿಯ ಒಂದು ಬೆಳಗ್ಗೆ ಚಳಿ ಜೋರಾಗಿತ್ತು. ಮಾರ್ಟಾ ಹಿತ್ತಲಲ್ಲಿ ಹಕ್ಕಿಗಳಿಗೆಂದು ಇಟ್ಟಿದ್ದ ಕಲ್ಲಿನ ಬೋಗುಣಿಯ ನೀರು ಹೆಪ್ಪುಗಟ್ಟಿತ್ತು. ಒಂದು ಕಾಗೆ ಅದನ್ನು ಕುಕ್ಕುತ್ತಿತ್ತು. ಸಿಗ್ನೆ ಚೆನ್ನಾಗಿದ್ದ ಕೈಯನ್ನು ಎತ್ತಿ ಕಿಟಕಿಯ ಕಡೆ ತೋರಿಸಿ, "ಈಸ್" ಎಂದಳು.

"ಏನಾಗಿದೆ, ಸಿಗ್ನೆ?" ಎಂದಳು ಮೈತ್ರಿ, ಅಭ್ಯಾಸದಂತೆ, ಅರ್ಧಕ್ಕೆ ನಿಂತ ವಾಕ್ಯವನ್ನು ಮುಂದಕ್ಕೆಳೆಯಲು.

ಮುದುಕಿ ಅಲ್ಲವೆಂದು ತಲೆಯಾಡಿಸಿದಳು. ಬೆರಳು ಕಿಟಕಿಯನ್ನು ಬಿಡಲಿಲ್ಲ. "ಈಸ್" ಎಂದಳು ಮತ್ತೆ, ಎಳೆದು.

ಮೈತ್ರಿ ಬೋಗುಣಿಯನ್ನು ನೋಡಿದಳು. ಕಾಗೆಯ ಕೊಕ್ಕಿನ ಕೆಳಗಿದ್ದದ್ದು ಮಂಜುಗಡ್ಡೆ. ನಾರ್ವೇಜಿಯನ್ನಿನಲ್ಲಿ ಮಂಜುಗಡ್ಡೆಗೆ ಈಸ್ ಎನ್ನುತ್ತಾರೆ.

ಅವಳು ಥಟ್ಟನೆ ಹಾಸಿಗೆಯ ಕಡೆ ತಿರುಗಿದಳು. ಬಾಗಿ, "ಬಾರ್ನ್?" ಎಂದು ಕೇಳಿದಳು. ಸಿಗ್ನೆ ಅವಳನ್ನು ದಿಟ್ಟಿಸಿ ಆ ಮಾತನ್ನು ತಾನೂ ಹೇಳಿದಳು. ಈ ಸಲ ಮೈತ್ರಿ ಕಿವಿಗೊಟ್ಟು ಕೇಳಿದಳು. ಅಮೆರಿಕದವರು ಆ ಪದದ ನಡುವೆ ರಕಾರವನ್ನು ಬಾಯಲ್ಲಿ ಸುತ್ತಿ ಬಿಡುತ್ತಾರೆ. ಮುದುಕಿಯ ಮಾತಿನಲ್ಲಿ ರಕಾರವೇ ಇರಲಿಲ್ಲ. ನಾಲಿಗೆ ಬಿದ್ದುಹೋಗಿದೆ, ಅದಕ್ಕೆ ಹಾಗೆ ತೊದಲುತ್ತಾಳೆ ಎಂದು ಮಾರ್ಟಾ ಹೇಳುತ್ತಿದ್ದಳು. ಅದು ತೊದಲಲ್ಲ. ನಾಲಿಗೆಯ ತುದಿ ಹಿಂದಕ್ಕೆ ಮಡಿಸಿಕೊಂಡು ಅಂಗುಳಿಗೆ ತಾಗುತ್ತಿತ್ತು. ಬಾಣ್. ಬಾಣಂತಿಯಲ್ಲಿ ಬರುವ ಣಕಾರ. ನಾರ್ವೆಯ ಪೂರ್ವದ ಕಣಿವೆಗಳಲ್ಲಿ ಆ ಪದವನ್ನು ಹಾಗೆಯೇ ನುಡಿಯುತ್ತಾರೆಂದು ತರಗತಿಯಲ್ಲಿ ಕೇಳಿ, ಅಲ್ಲಿದ್ದವರಲ್ಲಿ ಮೈತ್ರಿಯೊಬ್ಬಳೇ ಸಲೀಸಾಗಿ ಹೇಳಿ ಭೇಷ್ ಅನ್ನಿಸಿಕೊಂಡಿದ್ದಳು.

ಬಾಣ್ ಅಂದರೆ ಮಗು. ಇಂಗ್ಲಿಷಿನ ಕೊಟ್ಟಿಗೆಗೂ ಇದಕ್ಕೂ ಯಾವ ನಂಟೂ ಇಲ್ಲ. ಅದು ಬಾರ್ಲಿ ತುಂಬಿಡುವ ಮನೆ ಎಂಬುದರಿಂದ ಸವೆದು ಬಂದದ್ದು. ಇದು ಹೊತ್ತದ್ದು, ಹೆತ್ತದ್ದು ಎಂಬ ಅರ್ಥದ ಬೇರಿನಿಂದ, ನಮ್ಮ ಭಾರ, ಭರಣಗಳು ಬಂದ ಬೇರಿನಿಂದಲೇ ಬಂದದ್ದು. ಇನ್ನು ಓ ಎಂಬುದು ನರಳಿಕೆಯಲ್ಲ. ಒಂದೇ ಅಕ್ಷರದ ಆ ಪದಕ್ಕೆ ಅರ್ಥ ಹೊಳೆ.

ಮೊದಲು ಮೈತ್ರಿಗೆ ಆದದ್ದು ಸಂತೋಷ. ಈ ದೇಶಕ್ಕೆ ಬಂದ ಮೇಲೆ ಮೊದಲ ಬಾರಿಗೆ, ತಾನು ಕಲಿತದ್ದು ಕೆಲಸಕ್ಕೆ ಬಂತು, ಯಾರಿಗೂ ಕೇಳದ್ದು ತನಗೆ ಕೇಳಿತು ಎಂಬ ಹಿಗ್ಗು. ಕೈ ತಟ್ಟಿಯೂಬಿಟ್ಟಳು. ಅದೇ ಹಿಗ್ಗಿನಲ್ಲಿ ಮುದುಕಿಯ ಮುಖದ ಹತ್ತಿರಕ್ಕೆ ಬಾಗಿ, ಆಕೆಯ ಭಾಷೆಯಲ್ಲಿ ಕೇಳಿದಳು: "ವೂರ್ ಎರ್ ಬಾಣೆ?" ಮಗು ಎಲ್ಲಿ?

ಸಿಗ್ನೆ ಅವಳ ಮಣಿಕಟ್ಟನ್ನು ಹಿಡಿದಳು. ತೊಂಬತ್ತು ದಾಟಿದವಳ ಕೈಯಲ್ಲಿ ಅಷ್ಟು ಬಲವಿದ್ದೀತು ಎಂದು ಮೈತ್ರಿ ಎಣಿಸಿರಲಿಲ್ಲ. ಬಾಯಿ ಎರಡು ಸಲ ತೆರೆದು ಮುಚ್ಚಿತು. ಐದನೆಯ ಮಾತೊಂದು ಹೊರಬಿತ್ತು: "ಉನ್ನರ್."

ಕೆಳಗೆ. ಇಂಗ್ಲಿಷಿನ ಅಂಡರ್, ಈ ಒಂದು ಪದ ಎರಡು ಭಾಷೆಯಲ್ಲೂ ಹೆಚ್ಚು ಕಡಿಮೆ ಒಂದೇ. ಅರ್ಥ ಹೇಳಲು ಭಾಷಾಶಾಸ್ತ್ರ ಬೇಕಿರಲಿಲ್ಲ. ಮಗು, ಮಂಜುಗಡ್ಡೆ, ಹೊಳೆ, ಕೆಳಗೆ. ಮೈತ್ರಿ ಕೈ ಬಿಡಿಸಿಕೊಳ್ಳಲಾರದೆ ಹಾಗೆಯೇ ಬಾಗಿ ನಿಂತಿದ್ದಳು. ಎದುರು ಗೋಡೆಯಲ್ಲಿ ಕೆಂಪು ಕೊಟ್ಟಿಗೆ ಬಿಸಿಲಿಗೆ ಹೊಳೆಯುತ್ತಿತ್ತು.

ಅಂದು ಸಂಜೆ ಸಂದೀಪ ಶೂ ಬಿಚ್ಚುತ್ತಿದ್ದಾಗಲೇ ಎಲ್ಲವನ್ನೂ ಹೇಳಿದಳು.

"ಶ್ಯೂರಾ?" ಎಂದ.

"ನೂರಕ್ಕೆ ನೂರು. ಆ ಡೋರಿಸ್ ದಿನಾ ಫೋಟೋ ಮುಂದೆ ನಿಂತ್ಕೊಂಡು ಮಗು ಮಗು ಅಂತ ಕೂಗ್ತಾಳೆ, ಸಂದೀಪ್. ನಗ್ತಾ ಕೂಗ್ತಾಳೆ. ಆ ಅಜ್ಜಿ ಅಳೋದು ಯಾಕೆ ಅಂದ್ಕೊಂಡೆ?"

ಸಂದೀಪ ಶೂ ಕೈಯಲ್ಲಿ ಹಿಡಿದೇ ಯೋಚಿಸಿದ. "ನೋಡು, ಅವ್ರ ಫ್ಯಾಮಿಲಿ ಮ್ಯಾಟರ್ ಅದು. ನಿಂಗ್ಯಾಕೆ? ನಾಳೆ ಆಯಮ್ಮ ಉಲ್ಟಾ ಹೊಡೆದು ಕಂಪ್ಲೇಂಟ್ ಮಾಡಿದ್ರೆ? ಗ್ರೀನ್ ಕಾರ್ಡ್ ಫೈಲ್ ಆಗಿರೋ ಟೈಮಲ್ಲಿ ಇದೆಲ್ಲ ಬೇಕಾ?"

"ಹಾಗಾದ್ರೆ ಏನ್ಮಾಡ್ಲಿ? ಸುಮ್ನಿರ್ಲಾ?"

"ಫೋಟೋ ತೆಗ್ಸು. ಗಾಜು ಗ್ಲೇರ್ ಆಗತ್ತೆ, ಕಣ್ಣಿಗೆ ಹೊಡೆಯತ್ತೆ ಅಂತ ಏನಾದ್ರೂ ಹೇಳು. ಬೇರೇದೇನೂ ಬೇಡ."

ಅದು ಬುದ್ಧಿವಂತಿಕೆಯ ಮಾತೇ. ಮೈತ್ರಿ ಒಪ್ಪಿಕೊಂಡಳು. ಮುಂದಿನ ಸಲ ಹೋದಾಗ ಹಾಗೆಯೇ ಹೇಳಬೇಕೆಂದು ಬಸ್ಸಿನಲ್ಲಿ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಳು. ಆದರೆ ಒಳಗೆ ಕಾಲಿಡುವಾಗಲೇ ಡೋರಿಸಳ ದನಿ ಕೇಳಿಸಿತು. "ಬಾರ್ನ್, ಅಮ್ಮ! ಬಾರ್ನ್!" ಮೈತ್ರಿ ಕೋಟೂ ತೆಗೆಯದೆ ಕೋಣೆಗೆ ನುಗ್ಗಿ ಅವಳ ಕೈ ಹಿಡಿದು, "ದಯವಿಟ್ಟು ನಿಲ್ಲಿಸಿ" ಎಂದಳು. ಅಡುಗೆಮನೆಗೆ ಕರೆದುಕೊಂಡು ಹೋಗಿ ಕೂರಿಸಿ ಹೇಳಿಬಿಟ್ಟಳು.

ಡೋರಿಸ್ ಕೇಳುತ್ತಾ ಕೇಳುತ್ತಾ ಬೆಳ್ಳಗಾದಳು, ಆಮೇಲೆ ಕೆಂಪಾದಳು. "ನಮ್ಮಮ್ಮನಿಗೆ ನಾನೊಬ್ಬಳೇ ಮಗಳು. ಆರ್ನೆ, ನಾನು. ಅಷ್ಟೇ. ಹೊಳೆಗೀಳೆ ಎಂಥದೂ ಇಲ್ಲ."

"ನಾನು ಪದಗಳ ಅರ್ಥ ಮಾತ್ರ ಹೇಳಿದೆ" ಎಂದಳು ಮೈತ್ರಿ. "ಏನಾಯಿತೋ ನನಗೆ ಗೊತ್ತಿಲ್ಲ."

"ನಿಮ್ಮ ಭಾಷೆಯೂ ಅಲ್ಲ ಅದು."

"ಅಲ್ಲ."

ಡೋರಿಸ್ ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಯನ್ನು ಅತ್ತಿತ್ತ ಸರಿಸಿದಳು. ಆಮೇಲೆ ಫೋನ್ ತೆಗೆದು ಅಣ್ಣನಿಗೆ ಮಾಡಿದಳು. "ಆರ್ನೆ, ಅಮ್ಮನಿಗೆ ಇನ್ನೊಂದು ಮಗುವಿತ್ತಾ?" ಎಂದಷ್ಟೇ ಕೇಳಿದಳು. ಫೋನ್ ಕಟ್ಟಾಯಿತೇ ಎಂದು ನೋಡಿದಳು. ಆಗಿರಲಿಲ್ಲ. ಕೊನೆಗೆ ಅವನು, "ಬರ್ತೀನಿ" ಎಂದ.

ಭಾನುವಾರ ಆರ್ನೆ ಬಂದ. ಮೈತ್ರಿಯೂ ಇರಬೇಕೆಂದು ಡೋರಿಸ್ ಹಟ ಹಿಡಿದಿದ್ದಳು. ಸಂದೀಪ ಮೈತ್ರಿಯನ್ನು ಅಲ್ಲಿಗೆ ಬಿಟ್ಟು, ಹೊರಗೆ ಕಾರಿನಲ್ಲೇ ಕಾಯುತ್ತೇನೆಂದ. ಮಾರ್ಟಾ ಅಡುಗೆಮನೆಯ ಮೇಜಿಗೆ ಕಾಫಿ ಇಟ್ಟು ಬಾಗಿಲು ಮುಂದಕ್ಕೆಳೆದುಕೊಂಡು ಹೋದಳು.

ಆರ್ನೆ ಮೊದಲು ನೋಡಿದ್ದು ಮೈತ್ರಿಯನ್ನು. "ನಿಮಗೆ ಎಲ್ಲಿ ಕಲಿಯಿತು ಆ ಭಾಷೆ?" ಎಂದ. ಉತ್ತರಕ್ಕೆ ಕಾಯಲಿಲ್ಲ. ತನ್ನ ದಪ್ಪ ಬೆರಳುಗಳಿಂದ ಕಾಫಿ ಲೋಟವನ್ನು ಅಪ್ಪಿ ಹಿಡಿದು ಹೇಳತೊಡಗಿದ.

"ನಮ್ಮ ಮನೆ ಹೊಳೆಯ ಈ ದಡದಲ್ಲಿ. ಹಾಲು ತರಬೇಕಾದ್ದು ಆ ದಡದ ಫಾರ್ಮಿನಿಂದ. ಬೇಸಿಗೆಯಲ್ಲಿ ಸೇತುವೆ ಸುತ್ತಿ ಹೋಗ್ತಿದ್ದೆವು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಹೊಳೆಯ ಮೇಲೇ ನಡೆದು. ಅಪ್ಪ ಮರ ಕಡಿಯುವಾಗ ಸತ್ತು ಎರಡು ವರ್ಷ ಆಗಿತ್ತು. ನನಗೆ ಏಳು, ತಂಗಿಗೆ ನಾಲ್ಕು. ಅದು ಚಳಿಗಾಲದ ಕೊನೆ. ಹೊಳೆಯ ಮಂಜು ಬೂದಿ ಬಣ್ಣಕ್ಕೆ ತಿರುಗಿತ್ತು, ತೆಳುವಾದರೆ ಹಾಗಾಗುತ್ತೆ. ನಾನು ಅಮ್ಮನಿಗೆ ಹೇಳಿದೆ, ಬಣ್ಣ ಸರಿಯಿಲ್ಲ ಅಂತ. ಅಮ್ಮನಿಗೆ ಜ್ವರ. ಕತ್ತಲಾಗುತ್ತೆ, ಹತ್ತಿರದ ದಾರಿಯಲ್ಲೇ ಹೋಗಿ ಬನ್ನಿ ಅಂದಳು. ತಂಗಿಯನ್ನೂ ಜೊತೆಗೆ ಕಳಿಸಿದಳು, ಮನೆಯಲ್ಲಿದ್ದರೆ ಮಲಗೋಕೆ ಬಿಡಲ್ಲ ಅಂತ."

ಲೋಟವನ್ನು ಸ್ವಲ್ಪ ತಿರುಗಿಸಿದ.

"ನಾನು ಮುಂದೆ ಇದ್ದೆ. ಸದ್ದು ಕೂಡ ಆಗಲಿಲ್ಲ. ತಿರುಗಿ ನೋಡಿದರೆ ಇರಲಿಲ್ಲ. ಆಮೇಲೆ ಮಂಜಿನ ಕೆಳಗೆ ಅವಳ ಟೋಪಿಯ ಬಣ್ಣ ಕಾಣಿಸಿತು. ನೀರು ಎಳೆದುಕೊಂಡು ಹೋಗುತ್ತಿತ್ತು. ನಾನು ಮೇಲೆ ಅದರ ಜೊತೆಜೊತೆಗೇ ಓಡಿದೆ. ಅಮ್ಮ ಬರಿಗಾಲಲ್ಲಿ ಬಂದಳು. ಅವಳೂ ಓಡಿದಳು. ಕೈಯಲ್ಲಿ ಕುಟ್ಟಿದಳು, ಮೊಣಕೈಯಲ್ಲಿ ಕುಟ್ಟಿದಳು. ತಿರುವಿನವರೆಗೂ ಕಾಣ್ತಿತ್ತು."

ಡೋರಿಸ್ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಹಡಗಿನಲ್ಲಿ ಬರುವಾಗ ಅಮ್ಮ ಆಣೆ ಹಾಕಿಸಿ ನನ್ನಿಂದ ಭಾಷೆ ತೆಗೆದುಕೊಂಡಳು. ತಂಗಿಯ ವಿಷಯ ಅಲ್ಲಿ ಯಾರಿಗೂ ಹೇಳಬಾರದು, ಮುಂದೆ ಬರುವ ಹೊಸ ಅಪ್ಪನಿಗೂ ಹೇಳಬಾರದು, ನಾವು ನಾವೂ ಆಡಬಾರದು. ಅದಕ್ಕೇ ನಾರ್ವೇಜಿಯನ್ ಆಡುವುದನ್ನೇ ಬಿಟ್ಟೆವು. ಕೊಟ್ಟ ಭಾಷೆಯನ್ನು ನಾನು ಉಳಿಸಿಕೊಂಡೆ ಡೋರಿಸ್, ಅರವತ್ತು ವರ್ಷ. ಹೆಂಡತಿಗೂ ಹೇಳಲಿಲ್ಲ. ನವೆಂಬರಿನಲ್ಲಿ ಬಂದೆ, ನೋಡಿದರೆ ಅವಳೇ ಬಾಗಿಲು ತೆಗೆದಿಟ್ಟುಕೊಂಡು ಊರಿಗೆಲ್ಲ ಹೇಳುತ್ತಾ ಮಲಗಿದ್ದಾಳೆ. ನಾನು ಅಲ್ಲಿ ನಿಲ್ಲಲಾರದೆ ಹೋದೆ."

ಸರೋವರದ ಕಡೆಯಿಂದ ಒಂದು ವಿಮಾನ ಎದ್ದು ಕಿಟಕಿ ನಡುಗಿತು. ಅದರ ಸದ್ದು ಅಡಗಿದ ಮೇಲೆ ಡೋರಿಸ್, "ಅವಳ ಹೆಸರೇನು?" ಎಂದು ಕೇಳಿದಳು.

"ಲೀವ್" ಎಂದ ಆರ್ನೆ.

ಆ ಹೆಸರು ಮೈತ್ರಿಗೆ ಗೊತ್ತಿತ್ತು. ಜೀವ ಎಂದು ಅರ್ಥ ಹೇಳುತ್ತಾರೆ. ಹಳೆಯ ನಿಘಂಟುಗಳು ಆಸರೆ ಎನ್ನುತ್ತವೆ. ಅದೊಂದು ಪದವನ್ನು ತಾನು ತಿರುಗಿಸಿ ನೋಡಿರಲೇ ಇಲ್ಲ.

ಡೋರಿಸ್ ಎದ್ದು ಅಮ್ಮನ ಕೋಣೆಗೆ ಹೋದಳು. ಗೋಡೆಯ ಮೇಲಿನ ಫೋಟೋ ಕೆಳಗಿಳಿಸಿ, ಮುಖ ಗೋಡೆಗೆ ಮಾಡಿ ನೆಲದಲ್ಲಿಟ್ಟಳು. ಹಾಸಿಗೆಯ ಪಕ್ಕ ಕೂತಳು. ಸಿಗ್ನೆ ಎಂದಿನಂತೆ ಅವಳ ಮುಖ ನೋಡಿ ಹೇಳಿದಳು: "ಲೀವ್."

"ಎಷ್ಟು ಸಲ ಎದ್ದು ಹೋದೆ ನಾನು" ಎಂದಳು ಡೋರಿಸ್, ಬಾಗಿಲಲ್ಲಿ ನಿಂತ ಮೈತ್ರಿಯ ಕಡೆ ತಿರುಗದೆ. "ಅವಳು ಆ ಹೆಸರು ಹಿಡಿದು ಕರೆದಾಗಲೆಲ್ಲ ಎದ್ದು ಹೋದೆ. ನಾನು ಇಲ್ಲೇ ಇದ್ದೀನಿ ಅನ್ನೋದನ್ನ ಅವಳ ಭಾಷೆಯಲ್ಲಿ ಹೇಗೆ ಹೇಳೋದು?"

"ಬೇಡ" ಎಂದ ಆರ್ನೆ ಹಿಂದಿನಿಂದ. "ಹೇಳಬೇಡ ಡೋರಿಸ್. ಅವಳು ನಂಬಿಬಿಡ್ತಾಳೆ."

"ನಂಬಲಿ."

ಮೈತ್ರಿ ಇಬ್ಬರನ್ನೂ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿಕೊಟ್ಟಳು. "ಯಾಯ್ ಎರ್ ಹೇರ್." ಡೋರಿಸ್ ಬಾಯಲ್ಲಿ ಅದನ್ನು ಒಂದೆರಡು ಸಲ ಹೊರಳಿಸಿ, ಅಮ್ಮನ ಹತ್ತಿರಕ್ಕೆ ಬಾಗಿ ನುಡಿದಳು. ಇಂಗ್ಲಿಷಿನ ಎಳೆತ ಇತ್ತು, ಆದರೂ ಸ್ಪಷ್ಟವಾಗಿತ್ತು.

ಸಿಗ್ನೆಯ ಮುಖ ಅರಳುವುದೆಂದು ಮೈತ್ರಿ ಕಾದಿದ್ದಳು. ಹಾಗಾಗಲಿಲ್ಲ. ಮುದುಕಿಯ ಕಣ್ಣುಗಳು ಅಗಲವಾದವು. ಡೋರಿಸಳ ಕೈಯನ್ನು ತಡಕಿ ಹಿಡಿದಳು. "ಕಲ್ಲ್" ಎಂದಳು. ತಣ್ಣಗಿದೆ ಎಂದರ್ಥ. "ಕಲ್ಲ್, ಕಲ್ಲ್" ಎನ್ನುತ್ತಾ ಆ ಕೈಯನ್ನು ತನ್ನ ಎದೆಗೆ ಒತ್ತಿಕೊಂಡು ಒಂದೇ ಕೈಯಿಂದ ಉಜ್ಜತೊಡಗಿದಳು. ಉಸಿರು ಊದಿದಳು, ಮತ್ತೆ ಉಜ್ಜಿದಳು. ನಿಲ್ಲಿಸಲೇ ಇಲ್ಲ. ಡೋರಿಸ್ ಕೈ ಕೊಟ್ಟುಕೊಂಡು ಕೂತಳು. ಆರ್ನೆ ಹೊರಗೆ ಹೋಗಿ ತನ್ನ ಟ್ರಕ್ಕಿನ ಪಕ್ಕ ನಿಂತ.

ಆಮೇಲಿನ ದಿನಗಳಲ್ಲಿ ಡೋರಿಸ್ ಬಂದಾಗಲೆಲ್ಲ ಇದೇ ನಡೆಯಿತು. ಅವಳು ಕೋಣೆಗೆ ಬರುವ ಮುಂಚೆ ಕೈಯನ್ನು ಬಿಸಿನೀರಲ್ಲಿ ಹಿಡಿದುಕೊಳ್ಳುತ್ತಿದ್ದಳು. ಅದರಿಂದ ಏನೂ ಉಪಯೋಗವಾಗಲಿಲ್ಲ. ಮುದುಕಿಗೆ ಆ ಕೈ ಎಂದೂ ಬೆಚ್ಚಗಾಗಲಿಲ್ಲ. ಡೋರಿಸಳ ಮಣಿಕಟ್ಟಿನ ಮೇಲೆ ಚರ್ಮ ಸುಲಿಯಿತು. ಮಾರ್ಟಾ ಮುಲಾಮು ಹಚ್ಚಿ, "ಒಂದೆರಡು ದಿನ ಬರಬೇಡಿ" ಎಂದಳು. ಡೋರಿಸ್ ಬರುವುದನ್ನು ಬಿಡಲಿಲ್ಲ. ಸಿಗ್ನೆ ಊಟ ಬಿಟ್ಟಳು, ಆಮೇಲೆ ನೀರನ್ನೂ ಬಿಟ್ಟಳು. ಮಾರ್ಚ್ ತಿಂಗಳಲ್ಲಿ, ಮಧ್ಯಾಹ್ನದ ಹೊತ್ತು, ಮಾರ್ಟಾ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದಾಗ ಹೋಗಿಬಿಟ್ಟಳು.

ಸ್ಟ್ಯಾನ್‌ವುಡ್‌ನ ಚರ್ಚಿನ ಹಿಂದೆ ಮಣ್ಣು ಮಾಡಿದರು. ಬಂದವರು ಕೆಲವೇ ಮಂದಿ. ಬಯಲ ಮೇಲಿಂದ ಬೀಸುವ ಗಾಳಿಗೆ ಪಾದ್ರಿಯ ಮಾತು ಅರ್ಧ ಕೇಳಿಸಲಿಲ್ಲ. ಎಲ್ಲ ಮುಗಿದ ಮೇಲೆ ಡೋರಿಸ್ ಮೈತ್ರಿಯ ಹತ್ತಿರ ಬಂದಳು. ಆರ್ನೆ ಸ್ವಲ್ಪ ದೂರದಲ್ಲಿದ್ದ.

"ಒಂದು ಕೇಳಬೇಕು" ಎಂದಳು ಡೋರಿಸ್. "ಅವಳು ಬಾರ್ನ್ ಅಂದಾಗ, ಅದರಲ್ಲಿ ಒಂದು ಸಲವಾದರೂ ನಾನಿದ್ದೆನಾ?"

ಮೈತ್ರಿಗೆ ಹೇಳಲು ಒಂದೇ ಒಂದು ಸಂಗತಿಯಿತ್ತು. "ಆ ಪದಕ್ಕೆ ಬಹುವಚನದ ಗುರುತು ಇಲ್ಲ, ಡೋರಿಸ್. ಒಂದು ಮಗುವಿಗೂ ಬಾಣ್, ಎಷ್ಟು ಮಕ್ಕಳಿಗೂ ಬಾಣ್. ನಿಮ್ಮನ್ನೆಲ್ಲ ಸೇರಿಸಿ ಹೇಳಿದ್ದರೂ ಅದನ್ನೇ ಹೇಳಬೇಕು." ಹೌದೆನ್ನಲಿ ಎಂದು ಆರ್ನೆಯ ಕಡೆ ನೋಡಿದಳು. ಅವನಿಗೂ ಅದು ಗೊತ್ತಿರಲೇಬೇಕು. ಅವನು ಬಯಲನ್ನೇ ನೋಡುತ್ತಿದ್ದ.

"ಅಂದರೆ ಗೊತ್ತಾಗುವುದಿಲ್ಲ" ಎಂದಳು ಡೋರಿಸ್.

"ಗೊತ್ತಾಗುವುದಿಲ್ಲ."

ಡೋರಿಸ್ ಕೈಗವಸು ಎಳೆದುಕೊಂಡಳು. "ನೀವು ನನಗೆ ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಮೈತ್ರಿಯ ಭುಜ ಮುಟ್ಟಿ, ಅಣ್ಣನ ಕಡೆ ನಡೆದಳು.

ಸಂದೀಪ ಕಾರಿನ ಹೀಟರ್ ಹಾಕಿಟ್ಟಿದ್ದ. ಹೈವೇ ಹತ್ತಿದ ಮೇಲೆ, "ಏನಂದ್ರು ಆಯಮ್ಮ?" ಎಂದ.

"ಥ್ಯಾಂಕ್ಸ್ ಅಂದ್ರು" ಎಂದಳು ಮೈತ್ರಿ, ಹೊರಗೆ ನೋಡುತ್ತಾ.

"ನೋಡ್ದಾ? ನಾನು ಸುಮ್ನೆ ಹೆದರ್ಕೊಂಡಿದ್ದೆ" ಎಂದು ಅವನು ಲೇನ್ ಬದಲಿಸಿದ.